ನೆರೆಯವನ ಸಾಲಕ್ಕೆ ನಾನು ಹೊಣೆಯೇ?

ತಮ್ಮನ ಹೊಣೆ ತನ್ನದಲ್ಲವೆಂದು ಕಾಯಿನನು ದೇವರ ಮುಂದೆಯೇ ಜಾರಿಕೊಂಡ. ನಾವು ಹಾಗೆ ಬಾಯಿಬಿಟ್ಟು ಹೇಳುವುದಿಲ್ಲ. ಬಡವನಿಗೆ ನಾಲ್ಕು ಕಾಸು ಕೊಡಲೂ ಹಿಂಜರಿಯುವುದಿಲ್ಲ. ಆದರೆ ಅವನ ಸಾಲಕ್ಕೆ ಜಾಮೀನು ನಿಲ್ಲಿರೆಂದರೆ ಎದೆ ಝಲ್ಲೆನ್ನುತ್ತದೆ. ದಾನ ಕೊಡುವುದು, ಹೊಣೆ ಹೊರುವುದು: ಇವೆರಡರಲ್ಲಿ ಸೋದರಪ್ರೇಮ ಯಾವುದು?

ಈ ಪ್ರಶ್ನೆಯನ್ನು ಒಬ್ಬ ಅಧಿಕಾರಿ ತನ್ನ ಬಾಳಿನಲ್ಲೇ ಎದುರಿಸಿದ. ಜರ್ಮನಿಯ ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸೆನ್ 1845ರಿಂದ 1865ರವರೆಗೆ, ಇಪ್ಪತ್ತು ವರ್ಷ, ಒಂದಾದ ಮೇಲೊಂದರಂತೆ ಮೂರು ಕಡೆ ಮೇಯರ್ ಆಗಿದ್ದವರು. 1846-47ರ ಚಳಿಗಾಲದಲ್ಲಿ ಜನ ಹಸಿವಿನಿಂದ ಕಂಗೆಟ್ಟಾಗ ಸಂಘ ಕಟ್ಟಿ, ರೊಟ್ಟಿ ಸುಡಿಸಿ, ಬಡವರಿಗೆ ಕಡವಾಗಿ ಹಂಚಿದರು. ಮೊದಮೊದಲು ಅವರ ಸಂಘಗಳು ಉಳ್ಳವರ ಔದಾರ್ಯವನ್ನೇ ನಂಬಿದ್ದವು. ಔದಾರ್ಯ ಬಹುಕಾಲ ಬಾಳುವುದಿಲ್ಲವೆಂಬುದು ಅನುಭವದಿಂದ ತಿಳಿಯಿತು. 1864ರಲ್ಲಿ ಹೆಡ್ಡೆಸ್‌ಡಾರ್ಫಿನಲ್ಲಿ ಸಾಲ ಪಡೆಯುವವರೇ ಸದಸ್ಯರಾಗಿ, ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆಯಾಗುವ ಸಂಘವನ್ನು ಕಟ್ಟಿದರು. ಮರುವರ್ಷ ಅನಾರೋಗ್ಯದಿಂದ, ದೃಷ್ಟಿ ಬಹುಪಾಲು ಮಂದವಾಗಿ ಅಧಿಕಾರ ಬಿಟ್ಟರು. ಅವರ ಸಂಘ ಮಾತ್ರ ನಿಲ್ಲಲಿಲ್ಲ.

ಆ ಬೀಜ ನಮ್ಮ ನೆಲಕ್ಕೂ ಬಂತು. ಮದ್ರಾಸಿನ ಅಧಿಕಾರಿ ಫ್ರೆಡ್ರಿಕ್ ನಿಕಲ್ಸನ್ ಯುರೋಪಿನ ಸಂಘಗಳನ್ನು ಅಭ್ಯಸಿಸಿ ರೈಫೈಸೆನ್ನರ ಮಾರ್ಗವನ್ನೇ ಸೂಚಿಸಿದರು. 1904ರಲ್ಲಿ ಸಹಕಾರಿ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿತು. ಅದು ಭಾರತದಲ್ಲೇ ಮೊದಲನೆಯದೆಂದು ಹೆಸರಾಯಿತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಜನರಿಗೆ ಇದು ದೂರದ ಕತೆಯಲ್ಲ, ನೆರೆಯೂರಿನ ಚರಿತ್ರೆ.

ಆ ಕಾಯಿದೆಯಂತೆ ಹಳ್ಳಿಯ ಸಂಘಗಳಲ್ಲಿ ಹೊಣೆಗಾರಿಕೆಗೆ ಸಾಮಾನ್ಯವಾಗಿ ಮಿತಿಯಿರಲಿಲ್ಲ. ಸಂಘ ಸಾಲ ತೀರಿಸಲಾಗದೆ ಹೋದರೆ ಪ್ರತಿಯೊಬ್ಬ ಸದಸ್ಯನ ಆಸ್ತಿಯೂ ಅದಕ್ಕೆ ಒಳಪಡುತ್ತಿತ್ತು.

ನೀವು ಕೇಳಬಹುದು: ಅವನು ಮುಳುಗಿದರೆ ನನ್ನ ಮಕ್ಕಳ ಗತಿಯೇನು? ನ್ಯಾಯವಾದ ಭಯವೇ. ಜಾಮೀನು ನಿಂತು ಮನೆ ಕಳೆದುಕೊಂಡವರು ನಮ್ಮ ನಡುವೆಯೂ ಇದ್ದಾರೆ. ಆದರೆ ಆ ಭಯವೇ ಆ ಸಂಘಗಳನ್ನು ಕಾಯುವ ಬೇಲಿಯೂ ಆಗಿತ್ತು. ಪರಸ್ಪರ ಬಲ್ಲವರೇ ಸೇರಬೇಕು. ಸಾಲ ಬಿತ್ತನೆಗೋ, ಎತ್ತಿಗೋ, ದುಂದಿಗೋ ಎಂದು ವಿಚಾರಿಸಬೇಕು. ಮಳೆ ಕೈಕೊಟ್ಟಾಗ ಅವನ ಹೊಲದ ಕಡೆ ಕಣ್ಣಿಡಬೇಕು. ಕುರುಡಾಗಿ ಸಹಿ ಹಾಕುವುದು ಹೊಣೆಯಲ್ಲ, ಅದು ದಾಕ್ಷಿಣ್ಯ.

ದಾನವನ್ನು ದೂರದಿಂದಲೇ ಕೊಡಬಹುದು, ಪಡೆದವನ ಹೆಸರೂ ಗೊತ್ತಿರಬೇಕಿಲ್ಲ. ಹೊಣೆ ಹೊರಬೇಕಾದರೆ ಅವನ ಹೊಸ್ತಿಲು ತುಳಿಯಲೇಬೇಕು. ಹಾಸಿಗೆ ಹಿಡಿದವನಿಗೆ, ನಿರ್ಗತಿಕನಿಗೆ ದಾನ ಬೇಕು, ನಿಜ. ದುಡಿಯಬಲ್ಲವನಿಗೆ ಬೇಕಾದದ್ದು ನಂಬಿಕೆ.

ಪುರಸಭೆಯ ಕುರ್ಚಿಯಲ್ಲಿ ಕುಳಿತವರಿಗೂ, ಧರ್ಮಕೇಂದ್ರದ ಹಿರಿಯರಿಗೂ ಇದೇ ಅಳತೆಗೋಲು. ಎಷ್ಟು ಹಂಚಿದಿರಿ ಎಂಬುದಕ್ಕಿಂತ, ಯಾರ ಹೊಣೆ ಹೊತ್ತಿರಿ ಎಂಬ ಪ್ರಶ್ನೆ ದೊಡ್ಡದು. ಈ ವಾರ ನಮ್ಮ ಓಣಿಯಲ್ಲಿ ಸಾಲದ ಚಿಂತೆಯಿಂದ ನಿದ್ದೆಗೆಟ್ಟವರು ಯಾರೆಂದು ನಮಗೆ ಗೊತ್ತೇ?