ಬಂದೂಕು ಕೆಳಗಿಡುವ ಹಕ್ಕು

ಸಂಯಮದ ಬಗ್ಗೆ ನಮಗೆ ಪಾಠ ಹೇಳುವವರಿಗೆ ಬರವಿಲ್ಲ. ಮಠದವರು ಹೇಳುತ್ತಾರೆ, ಸಾಹೇಬರು ಹೇಳುತ್ತಾರೆ, ಊರ ಗೌಡರು ಕಟ್ಟೆ ಮೇಲೆ ಕುಂತು ಹೇಳುತ್ತಾರೆ. 'ತಮ್ಮಾ, ಸಿಟ್ಟಿಗೇಳಬ್ಯಾಡ್ರಿ. ತಾಳಿದಾಂವ ಬಾಳ್ಯಾನು.' ನಾವು ತಾಳಿದ್ದೇವೆ. ನಮ್ಮಪ್ಪ ತಾಳಿದ, ಅವನಪ್ಪ ತಾಳಿದ. ಯಾರು ಎಷ್ಟು ಬಾಳಿದರು ಅನ್ನುವ ಲೆಕ್ಕ ಮಾತ್ರ ಯಾರೂ ಕೊಡಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಹೊಡೆಯುವ ಶಕ್ತಿಯಿದ್ದೂ ಹೊಡೆಯದವನ ತಾಳ್ಮೆ ಒಂದು. ಹೊಡೆಯಲು ಕೈಯಲ್ಲಿ ಏನೂ ಇಲ್ಲದವನ ತಾಳ್ಮೆ ಇನ್ನೊಂದು. ಎರಡಕ್ಕೂ ಒಂದೇ ಹೆಸರಿಡಬಹುದೇ? ಗೆಳೆಯರೇ, ಈ ಪ್ರಶ್ನೆಯನ್ನು ಬರೀ ಮಾತಿನಲ್ಲಿ ಕೇಳಿದರೆ ಅದು ಪಂಡಿತರ ಚರ್ಚೆಯಾಗುತ್ತದೆ. ಆದ್ದರಿಂದ ಒಂದು ಆಟದ ಮೈದಾನದಲ್ಲಿ ನಿಂತು ಕೇಳೋಣ. ಆಟದ ಹೆಸರು ಗುಂಡು ಹೊಡೆಯುವ ಸ್ಪರ್ಧೆ.

ನಮ್ಮ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆ ಜಾತ್ರೆಯ ಬಲೂನ್ ಅಂಗಡಿ ಬಿಟ್ಟರೆ ಈ ಆಟ ಕಣ್ಣಿಗೆ ಬೀಳುವುದು ಅಪರೂಪ. ಇದು ಊರಾಟವಾಗಿ ಬೆಳೆದದ್ದನ್ನು ನೋಡಬೇಕಾದರೆ ಕೊಡಗಿನ ಕಡೆ ನೋಡಬೇಕು. ಅಲ್ಲಿ ಸೆಪ್ಟೆಂಬರ್ ಮೊದಲ ವಾರ ಕೈಲ್ ಮುಹೂರ್ತ. ನಾಟಿ ಕೆಲಸ ಮುಗಿದಿರುತ್ತದೆ. ಮನೆಯ ಕೋವಿ ಕತ್ತಿಗಳನ್ನು ಒರೆಸಿ, ಹೂವಿಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಊರಿನ ಸಂಘ, ಸ್ಪೋರ್ಟ್ಸ್ ಕ್ಲಬ್ಬಿನವರು ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಡುತ್ತಾರೆ. 12 ಬೋರಿನ ಕೋವಿಗೆ ಒಂದು ವಿಭಾಗ, ಪಾಯಿಂಟ್ 22 ರೈಫಲ್ಲಿಗೆ ಇನ್ನೊಂದು, ಏರ್‌ಗನ್ನಿಗೆ ಕೋಳಿಮೊಟ್ಟೆ. ಹೆಣ್ಣುಮಕ್ಕಳೂ ಸಾಲಿನಲ್ಲಿ ನಿಂತು ಹೊಡೆಯುತ್ತಾರೆ. ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ಕೊಡವರದು. ಹುಟ್ಟಿನಿಂದ ಮಣ್ಣಿನವರೆಗೆ ಕೋವಿ ಜೊತೆಗಿರುತ್ತದೆ.

ಆಟ ಚಂದ. ಅದರ ಹಿಂದಿನ ಕಾಗದವನ್ನೂ ಓದಬೇಕು. ದೇಶದಲ್ಲಿ ಬಂದೂಕು ಇಟ್ಟುಕೊಳ್ಳಬೇಕಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಇದರಿಂದ ವಿನಾಯಿತಿ ಉಂಟು. ಇದರ ಬೇರು ಬ್ರಿಟಿಷರ ಕಾಲದ್ದು. 1857ರ ದಂಗೆಯ ನಂತರ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರ ನಿಷ್ಠೆಯನ್ನು ಮೆಚ್ಚಿ, ನಿಶ್ಶಸ್ತ್ರ ಕಾಯ್ದೆ ಅವರಿಗೆ ಅನ್ವಯಿಸದಂತೆ ಮಾಡಿದ. ಸ್ವತಂತ್ರ ಸರ್ಕಾರವೂ ಅದನ್ನು ಮುಂದುವರಿಸಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಪ್ರಶ್ನಿಸಿ ಹೋದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ಒಪ್ಪಲಿಲ್ಲ.

ಅವರ ಕೋವಿ ಕಸಿಯಿರಿ ಅಂತ ನಾನು ಬರೆಯುತ್ತಿಲ್ಲ. ಆ ಜನ ಕೋವಿಯನ್ನು ಜವಾಬ್ದಾರಿಯಿಂದ ಇಟ್ಟುಕೊಂಡು ಬಂದಿದ್ದಾರೆ ಅನ್ನುವ ಮಾತಿಗೆ ನನ್ನ ತಕರಾರಿಲ್ಲ. ನನಗೆ ಕಾಣುವುದು ಬೇರೆ. ನಂಬಿಕೆ ಮೊದಲು ಬಂತು, ಜವಾಬ್ದಾರಿ ಅದರ ಹಿಂದೆ ಬೆಳೆಯಿತು. ನಂಬಿ ಕೊಟ್ಟ ಕೈಗೆ ಶಿಸ್ತು ಬರುತ್ತದೆ. ಅದೇ ನಂಬಿಕೆಯನ್ನು ಈ ನಾಡು ಯಾರಿಗೆ ಕೊಟ್ಟಿತು, ಯಾರಿಗೆ ಕೊಡಲಿಲ್ಲ? ಅದೇ ಕೊಡಗಿನ ಕಾಫಿ ತೋಟದ ಲೈನ್‌ಮನೆಯಲ್ಲಿರುವ ಎರವರಿಗೆ, ಜೇನುಕುರುಬರಿಗೆ ಈ ವಿನಾಯಿತಿಯ ಕಾಗದದಲ್ಲಿ ಜಾಗವಿಲ್ಲ. ಹುಟ್ಟು ಇರಬೇಕು, ಇಲ್ಲವೇ ಜಮ್ಮಾ ಭೂಮಿ ಇರಬೇಕು. ಕಾಡನ್ನು ಅಂಗೈಯಂತೆ ಬಲ್ಲ ಜನಕ್ಕೆ ಇವೆರಡೂ ಇಲ್ಲ.

ಈಗ ನಮ್ಮ ಬಯಲಿಗೆ ಬರೋಣ. ಕೊಡಗಿಗೆ ವಿನಾಯಿತಿ ತಂದ ಆ 1857ರ ದಂಗೆಯೇ ನಮ್ಮ ಕಡೆಗೆ ಏನು ತಂದಿತು? ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರಿದ್ದರು. ಬೇಟೆ ಅವರ ಬದುಕು. ಆಯುಧ ಒಪ್ಪಿಸಿರಿ ಅಂತ ಹುಕುಂ ಬಂತು, ಅವರು ಒಪ್ಪಿಸಲಿಲ್ಲ. ಆ ವರ್ಷದ ನವೆಂಬರಿನ ಕೊನೆಗೆ ಕಂಪನಿಯ ದಂಡು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲಿ, ಹಲಗಲಿಯಲ್ಲಿ ಗಲ್ಲಿಗೇರಿಸಿದರು. ಮುಂದಿನ ವರ್ಷ, 1858ರಲ್ಲಿ, ಹಮ್ಮಿಗಿಯಲ್ಲಿ ಕೂಡಿಟ್ಟಿದ್ದ ಆಯುಧಗಳ ಸುತ್ತ ಶುರುವಾದ ಬಂಡಾಯ ನಮ್ಮ ಕೊಪ್ಪಳದ ಕೋಟೆಯಲ್ಲಿ ಮುಗಿಯಿತು. ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ ಅಲ್ಲಿ ಬಿದ್ದರು. ಅವರ ಹೆಸರು ಪುಸ್ತಕದಲ್ಲಿವೆ. ಅವರ ಹಿಂದೆ ಕೋಟೆ ಹತ್ತಿದ ಕೈಗಳ ಹೆಸರು ಹುಡುಕಿದರೆ ಸಿಗುವುದು ಕಷ್ಟ.

ಒಂದೇ ದಂಗೆ. ನಿಷ್ಠೆ ತೋರಿಸಿದವರಿಗೆ ಕೋವಿ, ತಿರುಗಿ ಬಿದ್ದವರಿಗೆ ಹಗ್ಗ. ಬ್ರಿಟಿಷರು ಹೋಗಿ ಮುಕ್ಕಾಲು ಶತಮಾನ ದಾಟಿತು. ಅವರು ಬರೆದ ನಂಬಿಕೆಯ ಪಟ್ಟಿ ಮಾತ್ರ ಪೂರಾ ಅಳಿಸಿಲ್ಲ.

ಇಷ್ಟಾಗಿಯೂ ಆಟವನ್ನು ನಾನು ಹಗುರವಾಗಿ ನೋಡುವುದಿಲ್ಲ. ಈಗ ಕ್ಲಬ್ಬುಗಳು ನಡೆಸುವ ಏರ್ ರೈಫಲ್ ಸ್ಪರ್ಧೆಯ ನಿಯಮ ನೋಡಿರಿ. ದೂರ 10 ಮೀಟರ್. ಗುಂಡಿನ ಅಗಲ 4.5 ಮಿಲಿಮೀಟರ್. ಹತ್ತು ಅಂಕದ ನಡುಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಅಂದರೆ ಗುಂಡಿಗಿಂತ ಗುರಿ ಸಣ್ಣದು! 75 ನಿಮಿಷದಲ್ಲಿ 60 ಗುಂಡು. ಉಸಿರನ್ನು ಅರ್ಧಕ್ಕೆ ನಿಲ್ಲಿಸಬೇಕು. ಎದೆ ಬಡಿದರೆ ನಳಿಗೆ ಅಲುಗುತ್ತದೆ. ಆದ್ದರಿಂದ ಕಲಿಸುವವರು ಹೇಳಿಕೊಡುವ ದೊಡ್ಡ ವಿದ್ಯೆ ಒಂದೇ: ಮನಸ್ಸಿಗೆ ಸರಿ ಬರದಿದ್ದರೆ ಕುದುರೆ ಒತ್ತಬೇಡ, ರೈಫಲ್ ಇಳಿಸು, ಉಸಿರಾಡು, ಮತ್ತೆ ಎತ್ತು. ಹೊಡೆದದ್ದಕ್ಕೆ ಅಂಕ ಬರುತ್ತದೆ, ನಿಜ. ಆದರೆ ಆಟಗಾರನನ್ನು ಮಾಡುವುದು ಅವನು ಹೊಡೆಯದೆ ಇಳಿಸಿದ ಗಳಿಗೆಗಳು.

ಹಾಗಾದರೆ ಸಂಯಮ ಅನ್ನುವುದು ಬೋಧನೆ ಕೇಳಿ ಬರುವ ಗುಣವಲ್ಲ. ಎತ್ತಿದ ಮೇಲೆ ಇಳಿಸಿ ಇಳಿಸಿ ಕೈಗೆ ಬರುವ ಗುಣ. ಎತ್ತಲು ಬಿಡದವನಿಗೆ ಇಳಿಸುವುದು ಎಲ್ಲಿಂದ ಬರಬೇಕು?

ನಮ್ಮ ಜನಕ್ಕೆ ಗುರಿ ಗೊತ್ತಿಲ್ಲ ಅನ್ನುವವರು ಜೋಳದ ಹೊಲಕ್ಕೆ ಬರಲಿ. ಕಾಳು ಹಾಲುಗಟ್ಟುವ ಹೊತ್ತಿಗೆ ನಮ್ಮ ಅವ್ವಂದಿರು, ಅಕ್ಕಂದಿರು ಮಂಚಿಗಿ ಮೇಲೆ ನಿಂತು ಗೌಡರ ಹೊಲದ ಹಕ್ಕಿ ಕಾಯುತ್ತಿದ್ದರು. ಕೈಯಲ್ಲಿ ಕವಣಿ, ಉಡಿಯಲ್ಲಿ ಕಲ್ಲು. ಕಲ್ಲು ಗುಂಪಿನ ಪಕ್ಕಕ್ಕೇ ಹೋಗಬೇಕು, ಹಕ್ಕಿ ಏಳಬೇಕು, ತೆನಿ ಮುರೀಬಾರದು. ತೆನಿ ಮುರಿದರೆ ಕೂಲಿಯಲ್ಲಿ ಕಡಿತ. ಇದಕ್ಕಿಂತ ಕಟ್ಟುನಿಟ್ಟಿನ ಸ್ಪರ್ಧೆ ಯಾವ ಕ್ಲಬ್ಬಿನಲ್ಲಿದೆ? ಬಹುಮಾನ ಮಾತ್ರ ಇರಲಿಲ್ಲ. ಉಳ್ಳವನು ಗುರಿ ಹಿಡಿದರೆ ಕ್ರೀಡೆ. ಅವ್ವ ಹಿಡಿದರೆ ಕೂಲಿ. ಬೇಡರ ಹುಡುಗ ಅಡವಿಯಲ್ಲಿ ಹಿಡಿದರೆ ಕೇಸು.

ನಾನು ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು. ಬಂದೂಕು ಮುಟ್ಟಿದ ಮೊದಲನೆಯವನೂ ನಾನೇ. ಕಾಲೇಜಿನ ಎನ್‌ಸಿಸಿ ಕ್ಯಾಂಪಿನಲ್ಲಿ ಪಾಯಿಂಟ್ 22 ರೈಫಲ್ ಕೊಟ್ಟು, ಮಲಗಿಸಿ, ಐದು ಗುಂಡು ಹೊಡೆಸಿದರು. ಐದೂ ತೂತು ಒತ್ತೊತ್ತಾಗಿ ಬಿದ್ದಿದ್ದವು. ಕಾಗದ ತಂದಾತ ನನ್ನ ಮುಖ ನೋಡಿ ಕೇಳಿದ: 'ಯಾರಾಂವಲೇ ನೀ? ಬ್ಯಾಡರಾಂವೇನು?' 'ಅಲ್ರೀ ಸರ್' ಅಂದೆ. 'ಮತ್ತ?' ಅಂದ. ನಾನು ನಮ್ಮ ಕೇರಿಯ ಹೆಸರು ಹೇಳಿದೆ. ಅವನು ಮಾತಾಡಲಿಲ್ಲ, ಕಾಗದ ಮಡಿಚಿಕೊಂಡು ಮುಂದಿನ ಹುಡುಗನ ಕಡೆ ಹೋದ. ಗುರಿಯ ಕಾಗದ ಜಾತಿ ಕೇಳುವುದಿಲ್ಲ. ಕಾಗದ ಎಣಿಸುವವನು ಕೇಳುತ್ತಾನೆ. ಈ ದೇಶದಲ್ಲಿ ಕೈಯ ಕಸುಬನ್ನು ಕೈಗೆ ಜಮಾ ಮಾಡುವುದಿಲ್ಲ, ಹುಟ್ಟಿಗೆ ಜಮಾ ಮಾಡುತ್ತಾರೆ.

ಏಕಲವ್ಯನ ಕಥೆ ಇಲ್ಲಿ ನೆನಪಾಗದೆ ಇರುವುದಿಲ್ಲ. ನಾವೆಲ್ಲ ಹೆಬ್ಬೆರಳಿನ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ. ನಾಯಿಯ ಬಗ್ಗೆ ಸ್ವಲ್ಪ ಯೋಚಿಸೋಣ. ಬೊಗಳುವ ನಾಯಿಯ ಬಾಯಿಗೆ ಅವನು ಏಳು ಬಾಣ ಬಿಟ್ಟ, ಬಾಯಿ ಮುಚ್ಚಿತು. ನಾಯಿ ಸಾಯಲಿಲ್ಲ, ಬಾಣ ಹೊತ್ತುಕೊಂಡೇ ಪಾಂಡವರ ಹತ್ತಿರ ಓಡಿತು. ಕೊಲ್ಲುವುದು ಅರ್ಜುನನಿಗೂ ಗೊತ್ತಿತ್ತು. ಕೊಲ್ಲದೆ ನಿಲ್ಲಿಸುವಷ್ಟು ಹತೋಟಿ ಅಡವಿಯ ಹುಡುಗನ ಕೈಯಲ್ಲಿತ್ತು. ದ್ರೋಣ ಕತ್ತರಿಸಿಕೊಂಡದ್ದು ಆ ಹತೋಟಿಯನ್ನು. ಬೆರಳು ಹೋದ ಮೇಲೆ ಅವನು ಶಾಂತವಾಗಿದ್ದ ಅಂತ ಹೊಗಳಿದರೆ ಆ ಹೊಗಳಿಕೆಗೆ ಏನು ಅರ್ಥ?

ಕೈಯಲ್ಲಿ ಶಕ್ತಿಯಿದ್ದವರ ಸಂಯಮ ಹೇಗಿರುತ್ತದೆ ಅನ್ನುವುದಕ್ಕೆ ಮಹಾಡ ಸಾಕ್ಷಿ. 1927ರ ಮಾರ್ಚ್ 20. ಚೌದಾರ ಕೆರೆಯ ನೀರು ಮುಟ್ಟಿದ್ದಕ್ಕೆ ಸವರ್ಣರು ಉಣ್ಣುತ್ತ ಕುಂತ ಜನರ ಮೇಲೆ ಬಿದ್ದರು. ಅಲ್ಲಿ ಪಲ್ಟಣದಿಂದ ನಿವೃತ್ತರಾದ ಮಹಾರ ಸಿಪಾಯಿಗಳಿದ್ದರು. 1890ರ ದಶಕದಲ್ಲಿ ಬ್ರಿಟಿಷರು ಮಹಾರರ ಭರ್ತಿ ನಿಲ್ಲಿಸುವ ಮುನ್ನ, ಮತ್ತೆ ಮೊದಲ ಮಹಾಯುದ್ಧದ ಹೊತ್ತಿಗೆ, ಬಂದೂಕು ಹಿಡಿದು ಬಂದ ಕೈಗಳು ಅವು. ಸುಬೇದಾರನ ಮಗ ಅಂಬೇಡ್ಕರರ ಒಂದು ಮಾತಿಗೆ ಅವರು ಕಾದಿದ್ದರು. ಬಾಬಾಸಾಹೇಬರು ಆ ಮಾತು ಹೇಳಲಿಲ್ಲ, ತಡೆದರು. ಕೋರ್ಟಿಗೆ ಹೋದರು. 1937ರಲ್ಲಿ ಮುಂಬಯಿ ಹೈಕೋರ್ಟಿನ ತೀರ್ಪು ಕೆರೆಯ ನೀರಿನ ಹಕ್ಕನ್ನು ಎತ್ತಿ ಹಿಡಿಯಿತು. ಅದು ರೈಫಲ್ ಇಳಿಸಿದವನ ಸಂಯಮ. ಎದುರಿನವನಿಗೂ ಅದು ಗೊತ್ತಿತ್ತು. ಅದಕ್ಕೇ ಅದಕ್ಕೆ ತೂಕ ಬಂತು.

ಹಾಗಾದರೆ ದಲಿತರಿಗೆ ಬಂದೂಕು ಕೊಡಿ ಅಂತೀಯೇನು ಎಂದು ಕೆಲವು ಗೆಳೆಯರು ಕೇಳಬಹುದು. ಅಚ್ಚರಿಯ ಮಾತೆಂದರೆ ಕಾನೂನು ಆ ಬಾಗಿಲನ್ನು ಆಗಲೇ ತೆರೆದಿಟ್ಟಿದೆ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ ಮೂರನೆಯದನ್ನು ತೆಗೆದು ಓದಿರಿ. ದೌರ್ಜನ್ಯ ನಡೆಯಬಹುದಾದ ಕಡೆ ಬೇರೆ ಜನರ ಬಂದೂಕು ಲೈಸೆನ್ಸ್ ರದ್ದು ಮಾಡಬಹುದು. ಅಗತ್ಯವೆನಿಸಿದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಲೈಸೆನ್ಸ್ ಕೊಡಬಹುದು. ನಮ್ಮ ಮೇಷ್ಟ್ರುಗಳು ಇದನ್ನು ಸಂಜೆ ಹೊತ್ತು ಕೇರಿಯಲ್ಲಿ ಓದಿ ಹೇಳಬೇಕು. ಯಾಕೆಂದರೆ ಈ ನಿಯಮ ಒಂದು ಸತ್ಯ ಒಪ್ಪಿಕೊಳ್ಳುತ್ತದೆ: ಒಂದು ಕಡೆ ಕೈ ತುಂಬಿದೆ, ಇನ್ನೊಂದು ಕಡೆ ಬರಿದಾಗಿದೆ.

ಆದರೂ ಗುಡಿಸಲಿಗೊಂದು ಬಂದೂಕು ಅನ್ನುವುದು ನನ್ನ ಉತ್ತರವಲ್ಲ. ಹಸಿವಿನ ಮನೆಯ ಬಂದೂಕು ಮೊದಲು ಆ ಮನೆಯೊಳಗೇ ಸಿಡಿಯುತ್ತದೆ, ಇಲ್ಲವೇ ಸಾವ್ಕಾರನ ಹತ್ತಿರ ಒತ್ತೆ ಬೀಳುತ್ತದೆ. ಗಂಗಾವತಿ ತಾಲೂಕಿನ ಮರಕುಂಬಿಯನ್ನು ನೋಡಿರಿ. ಕ್ಷೌರದಂಗಡಿ, ಹೋಟೆಲಿನ ಪ್ರವೇಶದ ತಕರಾರು ಹೊಗೆಯಾಡಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕಳೆದು, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಮೇಲ್ಮನವಿ ಹೋಯಿತು, ಜಾಮೀನುಗಳೂ ಸಿಕ್ಕವು. ಕಾನೂನಿನ ದಾರಿ ಉದ್ದ, ಅದರಲ್ಲಿ ಮುಳ್ಳೂ ಉಂಟು. ಆದರೆ ಅದೇ ಊರಲ್ಲಿ ಬಾಳ್ವೆ ಮಾಡುತ್ತ, ಅದೇ ದಾರಿಯಲ್ಲಿ ನಡೆಯುತ್ತ, ಕಟಕಟೆಗೆ ಹೋಗಿ ಕಂಡದ್ದನ್ನು ಕಂಡಂತೆ ಹೇಳಿದವರ ಎದೆ ನೆನೆಯಿರಿ. ಉಸಿರು ಹಿಡಿದು ಹತ್ತು ವರ್ಷ ನಳಿಗೆ ಅಲುಗದಂತೆ ನಿಂತವರು ಅವರು.

ಆದ್ದರಿಂದ ನಾನು ಕೇಳುವುದು ಹೀಗೆ. ಬಂದೂಕಿನ ಪೂಜೆ ಬೇಡ, ಬಂದೂಕಿನ ಶಾಲೆ ಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಸ್ಪರ್ಧೆಯ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿ ಎಂಬ ಹಳ್ಳಿಯವನು, ಮೇಷ್ಟ್ರ ಮಗ. ಸ್ಪರ್ಧೆಯ ರೈಫಲ್ಲಿನ ಬೆಲೆ ಲಕ್ಷದ ಲೆಕ್ಕದಲ್ಲಿರುತ್ತದೆ. ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಶಾಲೆ ಆ ಹುಡುಗನಿಗೆ ಬಾಗಿಲು ತೆರೆಯಿತು. ಕುಷ್ಟಗಿಯ ಹಾಸ್ಟೆಲ್ ಹುಡುಗಿಗೆ, ಯಲಬುರ್ಗಾದ ಕುರಿ ಕಾಯುವ ಹುಡುಗನಿಗೆ ಅಂಥ ಬಾಗಿಲು ಎಲ್ಲಿದೆ? ತಾಲೂಕಿಗೊಂದು 10 ಮೀಟರಿನ ಅಂಕಣ, ನಾಲ್ಕು ಏರ್ ರೈಫಲ್, ಜಾತಿ ಕೇಳದ ಒಬ್ಬ ಕಲಿಸುವವನು. ಇಷ್ಟಕ್ಕೆ ಸರ್ಕಾರದ ಬೊಕ್ಕಸ ಮುಳುಗುವುದಿಲ್ಲ.

ನಮ್ಮ ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಕಳಿಂಗದಲ್ಲಿ ರಕ್ತ ನೋಡಿ ಯುದ್ಧ ಬಿಟ್ಟ ರಾಜ ಅವನು. ಅವನ ತ್ಯಾಗವನ್ನು ಜಗತ್ತು ನಂಬಿತು, ಯಾಕೆಂದರೆ ಬಿಡಲು ಅವನ ಕೈಯಲ್ಲಿ ಖಡ್ಗವಿತ್ತು. ಆ ಬಂಡೆಯ ಮೇಲೆ ಅವನು ಬರೆಸಿದ ಮಾತಿನ ಸಾರ ಇನ್ನೂ ದೊಡ್ಡದು: ಸಾಧನೆ ದೊಡ್ಡವರ ಸ್ವತ್ತಲ್ಲ, ಪ್ರಯತ್ನ ಮಾಡಿದರೆ ಸಣ್ಣವನಿಗೂ ದಕ್ಕುತ್ತದೆ. ಎರಡು ಸಾವಿರ ವರ್ಷದ ಮೇಲಾಯಿತು, ಬಂಡೆ ಹೇಳುತ್ತಲೇ ಇದೆ. ಬಂಡೆಯ ಕೆಳಗಿನ ಊರು ಇನ್ನೂ ಕೇಳಿಸಿಕೊಳ್ಳಬೇಕಾಗಿದೆ.

ತಾಳಿರಿ ಅನ್ನುವವರಿಗೆ ನಮ್ಮ ಮಾತು ಇಷ್ಟೇ. ನಮ್ಮ ಮಕ್ಕಳ ಕೈಗೂ ಒಮ್ಮೆ ರೈಫಲ್ ಕೊಡಿರಿ. ಅವರು ಉಸಿರು ಹಿಡಿದು, ಗುರಿ ನೋಡಿ, ಬೇಡವೆನಿಸಿದಾಗ ತಾವಾಗಿಯೇ ಕೆಳಗಿಡಲಿ. ಅವತ್ತು ಅದನ್ನು ಅಹಿಂಸೆ ಅನ್ನಿರಿ, ನಾವೂ ಅನ್ನುತ್ತೇವೆ. ಅಲ್ಲಿಯವರೆಗೆ ನಮ್ಮ ಬರಿಗೈಯನ್ನು ಹೊಗಳುವುದು ನಿಲ್ಲಿಸಿರಿ.