ಆಳದ ಲೆಕ್ಕವೂ ಮನುಷ್ಯನ ವಿವೇಕವೂ

ಬೆನ್ನಿಗೆ ವಾಯುವಿನ ಸಿಲಿಂಡರನ್ನು ಕಟ್ಟಿಕೊಂಡು ಸಮುದ್ರದೊಳಕ್ಕೆ ಇಳಿಯುವ ಸ್ಕೂಬಾ ವಿದ್ಯೆಯಲ್ಲಿ ಒಂದು ವಿವಾದವುಂಟು. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತಣ ನೀರಿಗೂ ಈ ವಿದ್ಯೆ ಬಂದಿರುವುದರಿಂದ, ವಿವಾದವು ಕನ್ನಡಿಗರಿಗೆ ತೀರ ದೂರದ್ದಲ್ಲ. ಎಷ್ಟು ಆಳಕ್ಕೆ ಇಳಿಯಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವ ಕ್ರಮದಿಂದ ಮೇಲೇರಬೇಕು ಎಂಬುದನ್ನು ಇಳಿಯುವವನು ಮೊದಲೇ ಲೆಕ್ಕಹಾಕಿ ನಿಶ್ಚಯಿಸತಕ್ಕುದೋ, ಅಥವಾ ಮಣಿಕಟ್ಟಿನ ಮೇಲಣ ಡೈವ್ ಕಂಪ್ಯೂಟರು ಕ್ಷಣಕ್ಷಣಕ್ಕೂ ಹೇಳುವುದನ್ನು ಅನುಸರಿಸಿದರೆ ಸಾಕೋ? ಮೇಲ್ನೋಟಕ್ಕೆ ಇದು ಆ ವಿನೋದದಲ್ಲಿ ತೊಡಗಿದವರ ಮಾತು. ಆದರೆ ಪ್ರಾಣವೇ ಪಣವಾಗಿರುವಲ್ಲಿ ತನ್ನ ನಿರ್ಣಯವನ್ನು ಮತ್ತೊಂದಕ್ಕೆ ಒಪ್ಪಿಸಬಹುದೇ ಎಂಬ ಧರ್ಮಪ್ರಶ್ನೆ ಇದರೊಳಗೆ ಅಡಗಿದೆ.

ಕಡಲಿನಲ್ಲಿ ಪ್ರತಿ 10 ಮೀಟರು ಇಳಿದಂತೆಲ್ಲ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವುದು. ಆ ಒತ್ತಡದಲ್ಲಿ ಉಸಿರಾಡಿದ ವಾಯುವಿನ ಸಾರಜನಕವು ರಕ್ತಮಾಂಸಗಳಲ್ಲಿ ಕರಗಿ ಸೇರುವುದು. ಮೆಲ್ಲನೆ ಮೇಲೇರಿದರೆ ಅದು ಉಸಿರಿನೊಡನೆಯೇ ಹೊರಬೀಳುವುದು; ಅವಸರಪಟ್ಟರೆ, ಗೋಲಿಯನ್ನು ಒತ್ತಿದೊಡನೆ ಸೋಡಾ ಸೀಸೆಯಲ್ಲಿ ನೊರೆ ಉಕ್ಕುವಂತೆ, ದೇಹದೊಳಗೇ ಗುಳ್ಳೆಗಳಾಗಿ ಏಳುವುದು. ಕೀಲುಗಳ ನೋವು, ಅಂಗಗಳ ಸ್ವಾಧೀನ ತಪ್ಪುವಿಕೆ, ಕೆಲವೊಮ್ಮೆ ಮರಣ ಇದರ ಫಲ. ಈ ಕಾರಣವನ್ನು ಫ್ರಾನ್ಸಿನ ಪಾಲ್ ಬೇರನು 1878ರಲ್ಲಿ ವಿವರಿಸಿದನು. ಇಂಗ್ಲೆಂಡಿನ ನೌಕಾಪಡೆಗಾಗಿ ಜೆ. ಎಸ್. ಹಾಲ್ಡೇನನೂ ಅವನ ಸಹಾಯಕರೂ ಆಡುಗಳ ಮೇಲೆ ಪ್ರಯೋಗ ನಡೆಸಿ, ಮೇಲೇರುವ ಕ್ರಮದ ಕೋಷ್ಟಕಗಳನ್ನು 1908ರಲ್ಲಿ ಪ್ರಕಟಿಸಿದರು. ಹಾಲ್ಡೇನನು ಶರೀರವನ್ನು ಐದು ಅಂಶಗಳಾಗಿ ಕಲ್ಪಿಸಿಕೊಂಡನು. ಅತಿ ಶೀಘ್ರವಾದುದು 5 ನಿಮಿಷಕ್ಕೆ ಅರ್ಧ ತುಂಬುವುದು, ಅತಿ ಮಂದವಾದುದಕ್ಕೆ 75 ನಿಮಿಷ ಹಿಡಿಯುವುದು. 1983ರಲ್ಲಿ ಬಂದ 'ಎಡ್ಜ್' ಎಂಬ ಗಣಕವೂ ಅದರ ತರುವಾಯದ ಅನೇಕ ಯಂತ್ರಗಳೂ ಈ ಬಗೆಯ ಗಣಿತವನ್ನೇ ನೀರಿನೊಳಗೆ ಎಡೆಬಿಡದೆ ನಡೆಸತಕ್ಕವು.

ಕೋಷ್ಟಕದ ಪಕ್ಷದವರು ತಾವು ಸ್ವಬುದ್ಧಿಯಿಂದ ಇಳಿಯುವುದಾಗಿ ಹೆಮ್ಮೆಪಡುವುದುಂಟು. ಇದು ಪೂರ್ತಿ ನಿಜವಲ್ಲ. ಅಚ್ಚಾದ ಪಂಚಾಂಗವನ್ನು ತೆರೆದು ತಿಥಿ ಹೇಳುವವನನ್ನು ಜ್ಯೋತಿರ್ಗಣಿತ ಬಲ್ಲವನೆಂದು ಯಾರೂ ಕರೆಯರು. ಕೋಷ್ಟಕವೂ ಆಪ್ತವಾಕ್ಯವೇ, ಗಣಕವೂ ಆಪ್ತವಾಕ್ಯವೇ. ಅದೂ ಅಲ್ಲದೆ, 30 ಮೀಟರಿನಲ್ಲಿ ಐದು ನಿಮಿಷವಿದ್ದು ಉಳಿದ ಹೊತ್ತನ್ನು 12 ಮೀಟರಿನಲ್ಲಿ ಕಳೆದವನನ್ನು ಕೋಷ್ಟಕವು ಅಷ್ಟು ಹೊತ್ತೂ 30 ಮೀಟರಿನಲ್ಲಿದ್ದವನೆಂದೇ ಎಣಿಸುವುದು. ಗಣಕವಾದರೋ ಆತನು ನಿಜವಾಗಿ ಇದ್ದ ಆಳವನ್ನೇ ಹಿಡಿದು ಲೆಕ್ಕ ಮಾಡುವುದು. ಕೂಡುವುದರಲ್ಲಿ ಅದಕ್ಕೆ ಮರೆವಿಲ್ಲ, ಬೇಸರವಿಲ್ಲ. ಲೆಕ್ಕದ ಮಟ್ಟಿಗೆ ಯಂತ್ರವೇ ಮೇಲು. ಇದರಲ್ಲಿ ಹಠಕ್ಕೆ ಎಡೆಯಿಲ್ಲ.

ಆದರೆ ಆ ಯಂತ್ರವು ಬಲ್ಲುದೇನು? ಅದು ಧರಿಸಿದವನ ರಕ್ತದಲ್ಲಿನ ಸಾರಜನಕವನ್ನು ಅಳೆಯುವುದೆಂದು ಹಲವರು ತಿಳಿದಿರುವರು. ಅದು ಅಳೆಯುವುದು ಹೊರಗಿನ ಒತ್ತಡವನ್ನು ಮತ್ತು ಕಾಲವನ್ನು. ದೇಹದ ವಿಷಯದಲ್ಲಿ ಅದರದು ಪ್ರತ್ಯಕ್ಷವಲ್ಲ, ಅನುಮಾನ. ಹಿಂದಿನ ರಾತ್ರಿ ನಿದ್ದೆಗೆಟ್ಟವನನ್ನೂ, ಪ್ರವಾಹಕ್ಕೆ ಎದುರಾಗಿ ಈಸಿ ದಣಿದವನನ್ನೂ ಅದು ಬೇರೆಯಾಗಿ ಅರಿಯದು. ಇನ್ನೊಂದು ಸಂಗತಿ ಮತ್ತಷ್ಟು ವಿಚಾರಾರ್ಹವಾದುದು. ಬೆಳಿಗ್ಗೆ ಒಮ್ಮೆ ಇಳಿದವನ ದೇಹದಲ್ಲಿ ಸಾರಜನಕವು ಗಂಟೆಗಟ್ಟಲೆ ಶೇಷವಾಗಿ ಉಳಿಯುವುದು. ಗಣಕವು ಆ ಶೇಷವನ್ನು ನೆನಪಿಟ್ಟು ಮಧ್ಯಾಹ್ನದ ಇಳಿತಕ್ಕೆ ಮಿತಿ ಹಾಕುವುದು. ಬೆಳಿಗ್ಗೆ ತಾನೂ ಇಳಿದಿದ್ದವನೊಬ್ಬನು ಮಧ್ಯಾಹ್ನ ಗೆಳೆಯನ ಯಂತ್ರವನ್ನು ಎರವಲು ಕಟ್ಟಿಕೊಂಡರೆ, ಅದು ಒಬ್ಬನ ಸಂಚಿತವನ್ನು ಮತ್ತೊಬ್ಬನ ಲೆಕ್ಕಕ್ಕೆ ಬರೆಯುವುದು. ಕರ್ಮದ ವಿಷಯದಲ್ಲಿ ಹೀಗೆ ಬದಲಾವಣೆ ಸಾಧ್ಯವಿಲ್ಲವೆಂದು ಶಾಸ್ತ್ರಗಳು ಹೇಳುವುವು. ದೇಹವೂ ಅದನ್ನು ಒಪ್ಪದು.

ಆದುದರಿಂದ ಸಂಖ್ಯೆಯು ಎಲ್ಲಿಂದ ಬಂದಿತೆಂಬುದಕ್ಕಿಂತ ನಿಶ್ಚಯವು ಯಾವಾಗ ಆಯಿತೆಂಬುದೇ ಮುಖ್ಯ. ದೋಣಿಯಲ್ಲಿ ಕುಳಿತು 'ಇಷ್ಟು ಆಳ, ಇಷ್ಟು ಹೊತ್ತು' ಎಂದು ಗೊತ್ತುಮಾಡಿದವನ ಬುದ್ಧಿ ಆಗ ತಿಳಿಯಾಗಿರುವುದು, ಆಸೆಯಿನ್ನೂ ಹುಟ್ಟಿರುವುದಿಲ್ಲ. ಅದು ಸಂಕಲ್ಪ. ಸುಮಾರು 30 ಮೀಟರಿನಿಂದ ಕೆಳಗೆ ಅದೇ ಸಾರಜನಕವು ಮದ್ಯದಂತೆ ತಲೆಗೇರತೊಡಗುವುದು. ಮುಂದೆ ಮೀನುಗಳ ಹಿಂಡು, ಕೈಯಲ್ಲಿ 'ಇನ್ನೂ ನಾಲ್ಕು ನಿಮಿಷವಿದೆ' ಎನ್ನುವ ಅಂಕ. ಆ ಅಂಕವು ಮಿತಿಯನ್ನು ತಿಳಿಸುವುದಲ್ಲದೆ, ಉಳಿದುದನ್ನೆಲ್ಲ ವ್ಯಯಮಾಡೆಂದು ವಿಧಿಸುವುದಿಲ್ಲ. ಮೇಲೆಯೇ ಸಂಕಲ್ಪಿಸಿದವನಿಗೆ ಯಂತ್ರವು ಕಾವಲುಗಾರ. ಏನನ್ನೂ ಸಂಕಲ್ಪಿಸದೆ ಇಳಿದವನಿಗೆ ಅದೇ ಯಜಮಾನ. ನಡುನೀರಿನಲ್ಲಿ ಅದರ ಮುಖವು ಕಪ್ಪಾದರೆ ಮೊದಲನೆಯವನಿಗೆ ತಾನೇ ಮಾಡಿದ ಯೋಜನೆಯ ನೆನಪಾದರೂ ಉಳಿಯುವುದು, ಎರಡನೆಯವನಿಗೆ ಎಷ್ಟು ಹೊತ್ತಾಯಿತೆಂಬುದೂ ತಿಳಿಯದು.

ಇಳಿಯುವವರು ಸಾಮಾನ್ಯವಾಗಿ ಜೊತೆಗೂಡಿಯೇ ಇಳಿಯುವರು. ಇಬ್ಬರ ಗಣಕಗಳು ಬೇರೆ ಬೇರೆ ಸೂತ್ರಗಳನ್ನು ಅನುಸರಿಸುವುದರಿಂದ ಒಂದೇ ಮಾತನ್ನು ಹೇಳಬೇಕೆಂಬ ನಿಯಮವಿಲ್ಲ. ಹಾಗಾದಾಗ ಮೊದಲು ಏಳೆನ್ನುವ ಯಂತ್ರದ ಮಾತೇ ಇಬ್ಬರಿಗೂ ಸಲ್ಲುವುದೆಂದು ಬಲ್ಲವರು ಬೋಧಿಸುವರು. ಆಗ ತನ್ನ ಗಣಕದಲ್ಲಿ ಇನ್ನೂ ಹತ್ತು ನಿಮಿಷ ಉಳಿದಿರುವವನು, ಅದು ಏನನ್ನೂ ಕೇಳದಿದ್ದರೂ, ಹವಳದ ಬಂಡೆಯನ್ನು ಬಿಟ್ಟು ಗೆಳೆಯನ ಪಕ್ಕದಲ್ಲಿಯೇ ಮೆಲ್ಲನೆ ಮೇಲೇರಬೇಕಾಗುವುದು.