ಮನೆಗೆ ಮನೆ ಕೊಟ್ಟರೆ ಋಣ ತೀರಿತೇ?

ಪರರ ವಸ್ತುವನ್ನು ತೆಗೆದುಕೊಂಡವನು ಅದಕ್ಕೆ ಸಮನಾದುದನ್ನು ಹಿಂದಿರುಗಿಸಿದರೆ ಋಣಮುಕ್ತನಾಗುವನೆಂಬುದು ಲೋಕನ್ಯಾಯ. ಧಾನ್ಯಕ್ಕೆ ಧಾನ್ಯ, ಹಣಕ್ಕೆ ಹಣವೆಂಬಲ್ಲಿ ಇದು ಸಲ್ಲುತ್ತದೆ. ವಾಸಸ್ಥಾನದ ವಿಷಯದಲ್ಲಿಯೂ ಸಲ್ಲುವುದೇ ಎಂಬುದು ವಿಚಾರಣೀಯ.

ಚೆನ್ನೈಯ ಉಚ್ಚ ನ್ಯಾಯಾಲಯದ ಭವನವು 1892ರಲ್ಲಿ ಎದ್ದ ಜಾಗದಲ್ಲಿ ಮೊದಲು ಇದ್ದುದು ಹಳೆಯ ‘ಕರಿಯರ ಪಟ್ಟಣ’. ಕೋಟೆಯ ವ್ಯಾಪಾರವನ್ನು ನಂಬಿ ವಲಸೆ ಬಂದ ತೆಲುಗು ವರ್ತಕರು, ನೇಕಾರರು ಅಲ್ಲಿ ನೆಲೆಸಿದ್ದರು. 1746ರಲ್ಲಿ ನಗರವನ್ನು ಹಿಡಿದ ಫ್ರೆಂಚರು ಕೋಟೆಗೆ ತಾಗಿದ ಭಾಗವನ್ನು ಕೆಡವಿದರು. 1749ರಲ್ಲಿ ನಗರವನ್ನು ಮರಳಿ ಪಡೆದ ಆಂಗ್ಲರು, ಮುಂದೆ ಶತ್ರುವಿಗೆ ಮರೆಯಾದೀತೆಂದು ಉಳಿದುದನ್ನೂ ಬಯಲು ಮಾಡಿದರು. 1757ರಲ್ಲಿ ಚೆನ್ನಕೇಶವ ದೇವಾಲಯವೂ ಉಳಿಯಲಿಲ್ಲ. ಅನಂತರ ಕಂಪೆನಿಯು ಬದಲಿ ಭೂಮಿಯನ್ನು ಕೊಟ್ಟಿತು. ಮಣಲಿ ಮುತ್ತುಕೃಷ್ಣ ಮೊದಲಿಯಾರರ ಔದಾರ್ಯದಿಂದ ಪೂಕಡೈ ಬಳಿ ಚೆನ್ನಕೇಶವ, ಚೆನ್ನಮಲ್ಲೇಶ್ವರ ಸನ್ನಿಧಿಗಳು ಮತ್ತೆ ಎದ್ದವು. ಬಯಲಿನ ಎಲ್ಲೆಯನ್ನು ಸೂಚಿಸಲು 1773ರಲ್ಲಿ ನೆಟ್ಟ ಕಂಬಗಳಲ್ಲೊಂದು ಪ್ಯಾರಿಸ್ ಕಾರ್ನರ್‌ನಲ್ಲಿ ಇಂದಿಗೂ ಇದೆ.

ಆ ಜನರು ಬಯಲಿನಾಚೆಯ ಮುತ್ಯಾಲಪೇಟೆ, ಪೆದ್ದನಾಯಕನಪೇಟೆಗಳಲ್ಲಿ ನೆಲೆಯಾದರು. ಮನೆ ಹೋದರೂ ಕಡಲತೀರವೂ ಕೋಟೆಯೂ ನಡಿಗೆಯ ದೂರದಲ್ಲಿಯೇ ಇದ್ದುದರಿಂದ ಜೀವನೋಪಾಯ ಹೋಗಲಿಲ್ಲ. ಪರಕೀಯರ ಸೈನಿಕ ಪ್ರಯೋಜನಕ್ಕಾಗಿ ನಡೆದ ಆ ಕಾರ್ಯದಲ್ಲಿಯೂ ಇಷ್ಟು ಉಳಿದಿತ್ತು.

ನಮ್ಮ ಕಾಲದ ಸಂಗತಿಯನ್ನು ಇದರೊಡನೆ ತೂಗಿ ನೋಡೋಣ. 1970ರಲ್ಲಿ ಸ್ಥಾಪಿತವಾದ ಕೊಳೆಗೇರಿ ನಿರ್ಮೂಲನ ಮಂಡಳಿಯು ಆರಂಭದಲ್ಲಿ ಬಹುಮಟ್ಟಿಗೆ ಇದ್ದಲ್ಲಿಯೇ ಬಹುಮಹಡಿ ಮನೆಗಳನ್ನು ಕಟ್ಟಿಕೊಟ್ಟಿತು. 2000ದಿಂದೀಚೆಗೆ ಕೂವಂ, ಅಡಯಾರು ನದೀತೀರಗಳ ಸಾವಿರಾರು ಕುಟುಂಬಗಳು ಕಣ್ಣಗಿ ನಗರ, ಪೆರುಂಬಾಕ್ಕಂಗಳಿಗೆ ಸಾಗಿಸಲ್ಪಟ್ಟವು. 2015ರ ಪ್ರವಾಹವನ್ನು ಕಂಡವರಾರೂ ನದಿಯಂಚಿನ ವಾಸವು ಕ್ಷೇಮವೆನ್ನಲಾರರು; ತೆರವೇ ಅಧರ್ಮವೆಂದು ನಾವು ಹೇಳುತ್ತಿಲ್ಲ. ಆದರೆ ಮೈಲಾಪುರದಲ್ಲಿ ಮನೆಗೆಲಸ ಮಾಡುವವಳಿಗೆ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಪಕ್ಕಾ ಮನೆ ಕೊಟ್ಟರೆ, ಗೋಡೆಗೆ ಗೋಡೆ ಸಂದಿತು. ಕೆಲಸಕ್ಕೆ ಕೆಲಸ, ಮಗುವನ್ನು ನೋಡಿಕೊಳ್ಳುವ ನೆರೆಯವಳಿಗೆ ನೆರೆಯವಳು ಸಂದಳೇ?

ಇದನ್ನು ಅರಿಯಲು ವಲಸೆ ಬಂದ ನಮಗೆ ಪ್ರಮಾಣಾಂತರ ಬೇಕಿಲ್ಲ. ತುಳುನಾಡಿನಿಂದ ಬರಿಗೈಯಲ್ಲಿ ಬಂದ ಹಿರಿಯರನ್ನು ಕಾಪಾಡಿದ್ದು ಕಟ್ಟಡವಲ್ಲ. ಊರಿನವರ ಹೋಟೆಲು, ಕಡ ಕೊಡುವ ಅಂಗಡಿ, ‘ಇವನು ನಮ್ಮವನು’ ಎನ್ನುವ ಒಂದು ಮಾತು. ಇವು ಯಾವ ಪರಿಹಾರದ ಪಟ್ಟಿಯಲ್ಲಿಯೂ ಬರುವುದಿಲ್ಲ. ಆದ್ದರಿಂದ ಸ್ಥಳಾಂತರವು ಅನಿವಾರ್ಯವಾದಲ್ಲಿ, ಸಮೀಪದಲ್ಲಿಯೇ, ನೆರೆಹೊರೆಯೊಡನೆಯೇ ನೆಲೆ ದೊರಕುವವರೆಗೆ ಋಣವು ಉಳಿದೇ ಇರುತ್ತದೆ. ಆ ಋಣವು ಸರಕಾರದ್ದು ಮಾತ್ರವಲ್ಲ. ಶುದ್ಧವಾದ ನದಿಯ, ವಿಶಾಲವಾದ ರಸ್ತೆಯ ಫಲವನ್ನು ಅನುಭವಿಸುವ ನಾಗರಿಕರೆಲ್ಲರದು. ನಮ್ಮ ಮನೆಗೆ ದೂರದಿಂದ ಬರುವವಳ ಬಸ್ಸಿನ ಖರ್ಚನ್ನು ಕೊಟ್ಟು, ತಡವನ್ನು ಸಹಿಸುವುದು ದಾನವಲ್ಲ, ಋಣದ ಅಲ್ಪಾಂಶವೆಂದು ತಿಳಿಯೋಣ.